ನಮ್ಮೂರ ಹೆಂಗಸರಿಗೆ ರಾತ್ರಿ ಪಾಠ: ಆರು ತಿಂಗಳ ಕಲಿಕೆಯನ್ನು ಹೇಗೆ ಜೋಡಿಸಲಿ?

ಕೃಷ್ಣಾ_ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನವಳು. ಡಿ.ಎಡ್. ಮುಗಿಸಿ ಸದ್ಯ ಊರಲ್ಲೇ ಇದ್ದೇನೆ. ನಮ್ಮ ಓಣಿಯ ಹೆಂಗಸರು ಓದು ಬರಹ ಕಲಿಸಿಕೊಡು ಅಂತ ತಾವಾಗಿಯೇ ಕೇಳುತ್ತಿದ್ದಾರೆ. ಹದಿನೈದು ಇಪ್ಪತ್ತು ಜನ ಆಗಬಹುದು. ಮೂವತ್ತು ವರ್ಷದವರಿಂದ ಅರವತ್ತು ದಾಟಿದವರ ತನಕ ಇದ್ದಾರೆ. ಕೆಲವರಿಗೆ ಹೆಸರು ಬರೆಯಲು ಬರುತ್ತದೆ. ಒಂದಿಬ್ಬರು ಸಣ್ಣ ಕ್ಲಾಸಿನಲ್ಲೇ ಶಾಲೆ ಬಿಟ್ಟವರು. ಉಳಿದವರು ಶಾಲೆಗೆ ಹೋದವರೇ ಅಲ್ಲ.

ವಯಸ್ಕರಿಗೆ ಓದು ಬರಹ ಕಲಿಸುವ ಸರ್ಕಾರದ ಉಲ್ಲಾಸ್ ಕಾರ್ಯಕ್ರಮದಲ್ಲಿ ಸ್ವಯಂಸೇವಕಿಯಾಗಿ ಹೆಸರು ಕೊಡಬೇಕೆಂದಿದ್ದೇನೆ. ಅದರ ಪುಸ್ತಕ ಸಿಗುತ್ತದೆ. ಆದರೆ ದಿನದಿನದ ಪಾಠವನ್ನು ನಾನೇ ಜೋಡಿಸಿಕೊಳ್ಳಬೇಕಲ್ಲ, ಅಲ್ಲಿ ನಿಮ್ಮ ಸಹಾಯ ಬೇಕು.

ಸದ್ಯಕ್ಕೆ ನನ್ನ ಯೋಚನೆ ಹೀಗಿದೆ. ಮೊದಲ ತಿಂಗಳು ವರ್ಣಮಾಲೆಯ 49 ಅಕ್ಷರ. ಎರಡನೇ ತಿಂಗಳು ಕಾಗುಣಿತ. ಮೂರನೇ ತಿಂಗಳು ಒತ್ತಕ್ಷರ. ನಾಲ್ಕಕ್ಕೆ ಸಣ್ಣ ವಾಕ್ಯ, ಐದಕ್ಕೆ ಲೆಕ್ಕ, ಆರಕ್ಕೆ ಪರೀಕ್ಷೆಯ ತಯಾರಿ. ರಾತ್ರಿ ಊಟ ಆದ ಮೇಲೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ. ಇದು ಸರಿ ಹೋಗುತ್ತದಾ? ವಯಸ್ಕರಿಗೆ ಕಲಿಸಿದವರು ದಯವಿಟ್ಟು ಹೇಳಿ.

ಹಳೇ_ಪ್ರೇರಕ:

ತಂಗಿ, ಕೇಳಿ ಬಹಳ ಸಂತೋಷವಾಯಿತು. ಅವರೇ ಬಂದು ಕೇಳಿದ್ದಾರೆ ಅಂದರೆ ಅರ್ಧ ಕೆಲಸ ಆದಂತೆ. ನಾನು ವಯಸ್ಕರ ಶಿಕ್ಷಣದ ಸಾಕ್ಷರ ಭಾರತ ಕಾರ್ಯಕ್ರಮದ ಕಾಲದಲ್ಲಿ ಪ್ರೇರಕನಾಗಿ, ಅಂದರೆ ಊರಿನ ಕಲಿಕಾ ಕೇಂದ್ರ ನೋಡಿಕೊಳ್ಳುವವನಾಗಿ ಇದ್ದವನು. 2009ರಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಒಂದೊಂದು ಗ್ರಾಮ ಪಂಚಾಯತಿಗೆ ಇಬ್ಬರು ಪ್ರೇರಕರು ಇರುತ್ತಿದ್ದೆವು.

ನಿಮ್ಮ ಯೋಜನೆ ನೋಡಿದೆ. ಅದರಲ್ಲಿ ಮೊದಲ ವಾಕ್ಯ ಓದುವುದು ನಾಲ್ಕನೇ ತಿಂಗಳಿಗೆ. ಹೊಲದ ಕೆಲಸ, ಮನೆ ಕೆಲಸ ಮುಗಿಸಿ ಬಂದ ಹೆಣ್ಣುಮಗಳು ಮೂರು ತಿಂಗಳು ಬರೀ ಅಕ್ಷರ ತಿದ್ದುತ್ತಾ ಕೂತಿರುವುದಿಲ್ಲ. ಮಕ್ಕಳು ಕೂರುತ್ತಾರೆ, ಅವರಿಗೆ ಬೇರೆ ದಾರಿ ಇಲ್ಲ. ದೊಡ್ಡವರು ಎರಡನೇ ವಾರಕ್ಕೆ "ನಾಳೆ ಬರ್ತೀನಿ" ಅಂತ ಹೇಳಿ ನಿಂತುಬಿಡುತ್ತಾರೆ. ಅವರಿಗೆ ಆಸಕ್ತಿ ಇಲ್ಲ ಅಂತಲ್ಲ. ಕಲಿತದ್ದು ಯಾವುದಕ್ಕೂ ಉಪಯೋಗಕ್ಕೆ ಬಂದಿರುವುದಿಲ್ಲ, ಅಷ್ಟೇ.

ಪುಸ್ತಕ ತೆಗೆಯುವ ಮೊದಲು ಒಂದು ಕೆಲಸ ಮಾಡಿ. "ಏನು ಕಲಿಯಬೇಕು" ಅಂತ ನೇರವಾಗಿ ಕೇಳಬೇಡಿ. ಕೇಳಿದರೆ "ನೀವೇನು ಕಲಿಸ್ತೀರೋ ಅದು" ಅನ್ನುತ್ತಾರೆ. ಅವರ ಮನೆಗೆ ಹೋಗಿ ಕೂತು ಮಾತಾಡಿ. ಟ್ರಂಕಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಪತ್ರ ಇಟ್ಟಿರುತ್ತಾರೆ, ತೋರಿಸಿ ಅಂತ ಕೇಳಿ. ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಜಾಬ್ ಕಾರ್ಡು, ಸಂಘದ ಉಳಿತಾಯದ ಪುಸ್ತಕ, ಮಗುವಿನ ತಾಯಿ ಕಾರ್ಡು. ಯಾವುದನ್ನು ಬೇರೆಯವರ ಹತ್ತಿರ ಓದಿಸುತ್ತಾರೆ, ಓದಿಸಲು ಯಾರನ್ನು ಕಾಯಬೇಕು ಅಂತ ವಿಚಾರಿಸಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಓಡಾಟ ಜಾಸ್ತಿ ಆಗಿದೆ. ಆದರೆ ಬಸ್ಸಿನ ಬೋರ್ಡು ಓದಲು ಬಾರದೆ ಕಂಡಕ್ಟರನ್ನೋ ಪಕ್ಕದವರನ್ನೋ ಕೇಳುತ್ತಾರೆ. ಗೃಹಲಕ್ಷ್ಮಿ ಹಣ ಬಂತಾ ಅಂತ ಮೊಬೈಲ್ ಹಿಡಿದು ಮೊಮ್ಮಗನ ಹತ್ತಿರ ಹೋಗುತ್ತಾರೆ. ನಿಮ್ಮ ಪಾಠದ ಪಟ್ಟಿ ಅಲ್ಲಿಂದ ಬರಬೇಕು. ಪುಸ್ತಕ ನಿಮ್ಮ ಕೈಯಲ್ಲಿರಲಿ, ಬೇಡ ಅನ್ನುತ್ತಿಲ್ಲ. ಆದರೆ ಯಾವ ಪಾಠ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಆ ಕಾಗದಗಳನ್ನು ನೋಡಿ ಗೊತ್ತು ಮಾಡಿ.

ನಲಿಕಲಿ_ಟೀಚರ್:

ಸರ್ ಹೇಳಿದ್ದು ನಿಜ. ಅಕ್ಷರದ ವಿಷಯದಲ್ಲಿ ಒಂದಿಷ್ಟು ಸೇರಿಸುತ್ತೇನೆ.

ಅ, ಆ, ಇ, ಈ ಅಂತ ಸಾಲಾಗಿ ಹೋಗುವ ಪದ್ಧತಿಯನ್ನು ನಾವು ಒಂದನೇ ತರಗತಿಯಲ್ಲೇ ಬಿಟ್ಟಿದ್ದೇವೆ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಮೊದಲ ಐದೇ ಅಕ್ಷರ ಬಂದರೂ ಸರ, ದರ, ರಸ, ಅಗಸ, ಗರಗಸ ಓದಬಹುದು. ಮುಂದಿನ ಐದು ಸೇರಿದರೆ ದನ, ಮರ, ಮಗ, ಜನ, ನಗರ, ಬಸವ. ಇವೆಲ್ಲ ಅವರು ದಿನಾ ಆಡುವ ಮಾತುಗಳು. ಮೊದಲ ವಾರದಲ್ಲೇ "ನಾನು ಓದಿದೆ" ಅನ್ನುವ ಖುಷಿ ಅವರಿಗೆ ಸಿಗುತ್ತದೆ. ಋ, ಙ, ಞ ಇವನ್ನು ಕೊನೆಗೆ ಇಟ್ಟುಕೊಳ್ಳಿ. ಆರು ತಿಂಗಳಲ್ಲಿ ಬಾರದಿದ್ದರೂ ಏನೂ ತೊಂದರೆ ಇಲ್ಲ.

ಆದರೆ ಮಕ್ಕಳ ಕ್ರಮವನ್ನು ಹಾಗೇ ಎತ್ತಿಕೊಂಡರೆ ದೊಡ್ಡವರಿಗೆ ಸಾಲದು. ಹೆಸರುಗಳನ್ನೇ ನೋಡಿ. ನಿಮ್ಮ ಕಡೆ ಯಲ್ಲಮ್ಮ, ಶರಣಮ್ಮ, ದುರುಗಮ್ಮ, ಹುಲಿಗೆಮ್ಮ ಇರುತ್ತಾರೆ. ಎಲ್ಲರ ಹೆಸರಿನ ಕೊನೆಗೂ "ಮ್ಮ" ಇದೆ! ನಾವು ಶಾಲೆಯಲ್ಲಿ ಒತ್ತಕ್ಷರಕ್ಕೆ ಬರುವುದು ಎಷ್ಟೋ ತಡವಾಗಿ. ನಿಮ್ಮ ತರಗತಿಗೆ ಅದು ಮೊದಲ ದಿನವೇ ಬಂದು ಕೂತಿದೆ. ಬರಲಿ ಬಿಡಿ. ನಿಯಮ ಹೇಳಬೇಡಿ, "ಮ್ಮ" ಅನ್ನುವುದನ್ನು ಇಡೀ ಒಂದು ಚಿತ್ರದ ಹಾಗೆ ತೋರಿಸಿ. ನಾಲ್ಕು ಹೆಸರು ಒಂದರ ಕೆಳಗೆ ಒಂದು ಬರೆದು, ಎಲ್ಲದರಲ್ಲೂ ಒಂದೇ ಥರ ಇರುವುದು ಯಾವುದು ಅಂತ ಕೇಳಿ. ಅವರೇ ಹುಡುಕುತ್ತಾರೆ. ಮಾಬುಬಿ, ಖಾಜಾಬಿ ಇದ್ದರೆ "ಬಿ"ಗೂ ಹಾಗೇ ಮಾಡಿ. ಕಾಗುಣಿತಕ್ಕೆ ಅಂತ ಬೇರೆ ತಿಂಗಳು ಇಡಬೇಡಿ. ಹತ್ತು ಅಕ್ಷರ ಬಂದ ಕೂಡಲೇ ದೀರ್ಘ ಶುರು ಮಾಡಿ: ಸರ, ಸಾರ. ಮರ, ಮಾರ. ಆಮೇಲೆ ಗುಡಿಸು, ಕೊಂಬು. ಹೊಸ ಅಕ್ಷರವೂ ಹೊಸ ಗುಣಿತವೂ ಜೊತೆಜೊತೆಗೇ ಸಾಗಲಿ.

ಇನ್ನೊಂದು ಮಾತು. ಬಸ್ಸಿನ ಬೋರ್ಡು ಓದಿಸುವಾಗ ಬರೀ ಪದದ ಆಕಾರ ನೋಡಿ ಊಹಿಸಲು ಬಿಡಬೇಡಿ. ರಾಯಚೂರು, ಸಿಂಧನೂರು, ಲಿಂಗಸುಗೂರು, ಮೂರಕ್ಕೂ ಬಾಲ ಒಂದೇ. ಮೊದಲ ಅಕ್ಷರ ನೋಡುವ ರೂಢಿ ಬೀಳಬೇಕು.

ಪೀಣ್ಯ_ಸಂಜೆ_ತರಗತಿ:

ನಾನು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸದ ಹೆಂಗಸರಿಗೆ ಸಂಜೆ ಕಲಿಸುತ್ತೇನೆ. ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಲೆಕ್ಕವನ್ನು ಐದನೇ ತಿಂಗಳಿಗೆ ದೂಡಬೇಡಿ. ಮೊದಲ ದಿನವೇ ಅಂಕಿಯಿಂದ ಶುರು ಮಾಡಿ.

ಕಾರಣ ಇಷ್ಟೇ. ಅಕ್ಷರದ ಮುಂದೆ ಅವರು ಹೊಸಬರು. ಅಂಕಿಯ ಮುಂದೆ ಹೊಸಬರಲ್ಲ. ನೋಟು ಗುರುತಿಸುತ್ತಾರೆ, ಮೊಬೈಲ್‌ನಲ್ಲಿ ನಂಬರ್ ಒತ್ತುತ್ತಾರೆ, ಬಸ್ಸಿನ ನಂಬರ್ ಗೊತ್ತು. ಸಂತೆಯಲ್ಲಿ ಕಾಲು ಕೆಜಿ, ಮುಕ್ಕಾಲು ಕೆಜಿಯ ಬೆಲೆಯನ್ನು ಬಾಯಲ್ಲೇ ನನಗಿಂತ ಬೇಗ ಹೇಳುತ್ತಾರೆ. ಕಲಿಸಬೇಕಿರುವುದು ಲೆಕ್ಕವಲ್ಲ, ಲೆಕ್ಕವನ್ನು ಬರೆಯುವುದು. ಅದರಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ನೂರಾ ಐದು ಬರೆಯಿರಿ ಅಂದರೆ 1005 ಅಂತ ಬರೆಯುತ್ತಾರೆ. ಕೇಳಿದಂತೆಯೇ ಬರೆದಿದ್ದಾರೆ, ನೂರು ಆಮೇಲೆ ಐದು. ಇದನ್ನು ತಪ್ಪು ಅಂತ ಕೆಂಪು ಗೆರೆ ಹೊಡೆಯಬೇಡಿ. ನೆಲದ ಮೇಲೆ ಮೂರು ಮನೆ ಗೆರೆ ಎಳೆಯಿರಿ. ಒಂದರಲ್ಲಿ ನೂರರ ನೋಟು, ಒಂದರಲ್ಲಿ ಹತ್ತರ ನೋಟು, ಒಂದರಲ್ಲಿ ಒಂದರ ನಾಣ್ಯ. ನೂರಾ ಐದಕ್ಕೆ ಹಣ ಇಡಿ ಅನ್ನಿ. ನಡುವಿನ ಮನೆ ಖಾಲಿ ಉಳಿಯುತ್ತದೆ. ಆ ಖಾಲಿ ಮನೆಗೆ ಸೊನ್ನೆ. ಒಂದು ಸಲ ಕೈಯಿಂದ ಮಾಡಿದರೆ ಮತ್ತೆ ಮರೆಯುವುದಿಲ್ಲ.

ದಿನದ ಒಂದೂವರೆ ಗಂಟೆಯಲ್ಲಿ ಕೊನೆಯ ಇಪ್ಪತ್ತು ನಿಮಿಷ ಲೆಕ್ಕಕ್ಕೆ ಇಡಿ. ಅಕ್ಷರದಲ್ಲಿ ಹಿಂದೆ ಬಿದ್ದವರು ಲೆಕ್ಕದಲ್ಲಿ ಮುಂದೆ ಇರುತ್ತಾರೆ. ಖುಷಿಯಿಂದ ಮನೆಗೆ ಹೋಗುತ್ತಾರೆ.

ಹಳೇ_ಪ್ರೇರಕ:

ಇದನ್ನು ಪೂರ್ತಿ ಒಪ್ಪುತ್ತೇನೆ. ನಡುವಿನ ಖಾಲಿ ಮನೆಯ ಉಪಾಯ ಚೆನ್ನಾಗಿದೆ.

ಕೃಷ್ಣಾ_ದಂಡೆ:

ತುಂಬಾ ಧನ್ಯವಾದ. ಟೀಚರ್, "ಮ್ಮ" ಓದಿ ನಮ್ಮ ಓಣಿಯವರ ಹೆಸರೆಲ್ಲಾ ಬರೆದು ನೋಡಿದೆ. ಹೆಚ್ಚು ಕಡಿಮೆ ಎಲ್ಲರದ್ದೂ ಹಾಗೇ ಇದೆ.

ಈಗ ಎರಡು ಪ್ರಶ್ನೆ. ಒಂದು, ಹೊಲದ ಕೆಲಸ ಜೋರಾದಾಗ ಎಲ್ಲರೂ ಒಟ್ಟಿಗೆ ತಪ್ಪಿಸುತ್ತಾರೆ. ಕೆಲವರು ಗುಳೆ ಹೋಗುತ್ತಾರೆ. ಆಗ ಪಾಠ ನಿಲ್ಲಿಸಬೇಕಾ? ಎರಡು, ಎಲ್ಲಿ ಕೂರಿಸಲಿ? ಗುಡಿಯ ಕಟ್ಟೆ ದೊಡ್ಡದಿದೆ, ಲೈಟೂ ಇದೆ.

ಹಳೇ_ಪ್ರೇರಕ:

ಮೊದಲು ಗಂಟೆಯ ಲೆಕ್ಕ ಹಾಕೋಣ. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ, 26 ವಾರ. ಕಾಗದದ ಮೇಲೆ 195 ಗಂಟೆ ಆಗುತ್ತದೆ. ಹಿಂದೆ ಸಾಕ್ಷರತಾ ಆಂದೋಲನದಲ್ಲಿ ಮೂರು ವಾಚಕ (ಓದು ಕಲಿಸುವ ಪುಸ್ತಕ) ಮುಗಿಸಲು ಸುಮಾರು 200 ಗಂಟೆ ಅಂತ ಲೆಕ್ಕ ಇಟ್ಟಿದ್ದರು. ಹಾಗಾಗಿ ಸರಿಹೊಂದಿತು ಅನ್ನಿಸುತ್ತದೆ. ಆದರೆ ಹಬ್ಬ, ಮದುವೆ, ಜ್ವರ, ಕರೆಂಟು, ಹೊಲ ಎಲ್ಲ ಕಳೆದರೆ ಒಬ್ಬೊಬ್ಬರಿಗೆ ಸಿಗುವುದು 120 ಗಂಟೆ ಅಂತ ಇಟ್ಟುಕೊಳ್ಳಿ. ಪಾಠವನ್ನು 120ಕ್ಕೆ ಜೋಡಿಸಿ. ಮಿಕ್ಕ ಸಮಯ ಮತ್ತೆ ಮತ್ತೆ ಓದಿಸಲು.

ಇನ್ನು ಕಾಲ. ನಿಮ್ಮ ಕಡೆ ಮುಂಗಾರಿನಲ್ಲಿ ಕಳೆ ತೆಗೆಯುವ ಕೆಲಸ. ದಸರಾ ಹೊತ್ತಿಗೆ ಹತ್ತಿ ಬಿಡಿಸುವುದು ಶುರು. ಎಳ್ಳಮಾಸಿ ಆಜುಬಾಜು ತೊಗರಿ ಕೊಯ್ಲು, ಆಮೇಲೆ ಜೋಳ. ಸುಗ್ಗಿ ಮುಗಿದರೆ ಗುಳೆ. ಅಂದರೆ ಆರು ತಿಂಗಳು ಪೂರ್ತಿ ಬಿಡುವು ಇರುವ ಕಾಲ ಅಂತ ಒಂದು ಇಲ್ಲವೇ ಇಲ್ಲ. ಅದಕ್ಕೇ ಕಾಯಬೇಡಿ. ಕಳೆ ಕೆಲಸ ತಗ್ಗಿದ ಕೂಡಲೇ ಶುರು ಮಾಡಿ.

ಆದರೆ ಆರು ತಿಂಗಳನ್ನು ಒಂದೇ ಉದ್ದನೆಯ ದಾರಿ ಮಾಡಬೇಡಿ. ಮೂರು ಮೂರು ವಾರದ ತುಂಡು ಮಾಡಿ. ಒಂದೊಂದು ತುಂಡಿಗೂ ಒಂದು ವಿಷಯ, ಕೊನೆಗೆ ಕೈಗೆ ಸಿಗುವ ಒಂದು ಕೆಲಸ. ಬಸ್ಸಿನ ತುಂಡು ಮುಗಿದಾಗ ಎಲ್ಲರೂ ಸ್ಟ್ಯಾಂಡಿಗೆ ಹೋಗಿ ಬೋರ್ಡು ಓದಬೇಕು. ಬ್ಯಾಂಕಿನ ತುಂಡು ಮುಗಿದಾಗ ಹಣ ತೆಗೆಯುವ ಚೀಟಿಯನ್ನು ತಾವೇ ತುಂಬಬೇಕು. ಹೀಗಿದ್ದರೆ ಹತ್ತಿಯ ಕಾಲಕ್ಕೆ ಹೋದವಳು ವಾಪಸ್ ಬಂದಾಗ ಹೊಸ ತುಂಡಿನ ಮೊದಲ ದಿನಕ್ಕೆ ಸೇರಿಕೊಳ್ಳಬಹುದು. "ನಾನು ಹಿಂದೆ ಬಿದ್ದೆ" ಅಂತ ನಾಚಿಕೆಪಟ್ಟು ಮನೆಯಲ್ಲೇ ಉಳಿಯುವುದಿಲ್ಲ. ಬಿಟ್ಟು ಹೋಗುವವರಲ್ಲಿ ಬಹಳ ಜನ ಆ ನಾಚಿಕೆಗೇ ಬಿಡುತ್ತಾರೆ, ಇದನ್ನು ನೆನಪಿಡಿ. ಹತ್ತಿಯ ಕಾಲದಲ್ಲಿ ಬಾಗಿಲು ಮುಚ್ಚಬೇಡಿ. ವಾರಕ್ಕೆ ಎರಡೇ ದಿನ ಮಾಡಿ, ಹೊಸದೇನೂ ಕಲಿಸಬೇಡಿ, ಬರೀ ಓದಿಸಿ.

ಗುಡಿಯ ಕಟ್ಟೆ ಬೇಡ ತಂಗಿ. ಯಾರು ಅಲ್ಲಿ ಕೂರುತ್ತಾರೆ, ಯಾರು ದೂರ ನಿಲ್ಲುತ್ತಾರೆ ಅಂತ ನಿಮಗೇ ಗೊತ್ತು. ಓದು ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕಾಗಿದೆಯೋ ಅವರೇ ಬರುವುದಿಲ್ಲ. ಅಂಗನವಾಡಿಯೋ ಶಾಲೆಯ ವರಾಂಡವೋ ಕೇಳಿ. ಅಲ್ಲಿಗೆ ಎಲ್ಲರ ಮನೆಯ ಮಕ್ಕಳೂ ಹೋಗುತ್ತಾರೆ.

ತಾಂಡಾ_ಹುಡುಗ:

ಜಾಗದ ಮಾತಿಗೆ ನನ್ನ ಕೈ ಎತ್ತುತ್ತೇನೆ. ನಾನು ಅದೇ ಜಿಲ್ಲೆಯ ಲಂಬಾಣಿ ತಾಂಡಾದವನು. ನಮ್ಮ ತಾಯಂದಿರು ಊರೊಳಗಿನ ರಾತ್ರಿ ಪಾಠಕ್ಕೆ ಬರುವುದಿಲ್ಲ. ದೂರ, ಕತ್ತಲು. ನಿಮ್ಮ ಊರ ಪಕ್ಕ ತಾಂಡಾ ಇದ್ದರೆ ಅಲ್ಲೇ ಒಬ್ಬ ಓದಿದ ಹುಡುಗಿಯನ್ನು ಜೊತೆ ಮಾಡಿಕೊಳ್ಳಿ. ಪಿಯುಸಿ ಓದುವವರು ಈಗ ಇದ್ದೇ ಇರುತ್ತಾರೆ.

ಇನ್ನೊಂದು ಅಕ್ಕಾ. ನಮ್ಮ ಮನೆಯ ಮಾತು ಗೋರ್‌ಬೋಲಿ. ಅವ್ವಂದಿರಿಗೆ ಸಂತೆಯ ಕನ್ನಡ ಬರುತ್ತದೆ, ಪುಸ್ತಕದ ಕನ್ನಡ ಬರುವುದಿಲ್ಲ. ಮೊದಲು ಮನೆ ಮಾತಿನಲ್ಲಿ ಹೇಳಲು ಬಿಡಬೇಕು. ಅವರು ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದು ತೋರಿಸಿದರೆ ಮುಖ ಅರಳುತ್ತದೆ. ನಮ್ಮ ಮಾತನ್ನೂ ಬರೆಯಬಹುದು ಅಂತ ಅವರಿಗೆ ಅಲ್ಲಿಯ ತನಕ ಗೊತ್ತೇ ಇರುವುದಿಲ್ಲ.

ಕಣ್ಣಿನ_ವಾರ್ಡು:

ನಾನು ನರ್ಸ್. ಪಾಠ ಶುರು ಮಾಡುವ ಮೊದಲು ಕಣ್ಣು ತೋರಿಸಿ. ನಲವತ್ತು ದಾಟಿದರೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ, ಅದು ಎಲ್ಲರಿಗೂ ಆಗುತ್ತದೆ. ಓದುವ ರೂಢಿ ಇಲ್ಲದವರಿಗೆ ಅದು ತಿಳಿಯುವುದೇ ಇಲ್ಲ. ಸೂಜಿಗೆ ದಾರ ಪೋಣಿಸಲು ಆಗುತ್ತದಾ, ಅಕ್ಕಿಯಲ್ಲಿ ಕಲ್ಲು ಕಾಣುತ್ತದಾ ಅಂತ ಕೇಳಿ. ಇಲ್ಲ ಅಂದವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕನ್ನಡಕ ಇಲ್ಲದೆ ಕೂತವರು ಪುಸ್ತಕ ದೂರ ಹಿಡಿದು, ತಲೆನೋವು ಬಂದು, "ನನ್ನ ತಲೆಗೆ ಹತ್ತಲ್ಲ" ಅಂತ ಎದ್ದು ಹೋಗುತ್ತಾರೆ. ತಲೆಗೆ ಹತ್ತುತ್ತದೆ, ಕಣ್ಣಿಗೆ ಕಾಣುತ್ತಿಲ್ಲ ಅಷ್ಟೇ. ರಾತ್ರಿ ಪಾಠ ಅಂದಿದ್ದೀರಿ, ಬಲ್ಬು ತಲೆಯ ಮೇಲೆ ಹತ್ತಿರ ಇರಲಿ. ಬೋರ್ಡಿನ ಅಕ್ಷರ ಅಂಗೈಯಷ್ಟು ದೊಡ್ಡದಿರಲಿ.

ನಲಿಕಲಿ_ಟೀಚರ್:

ಮೇಡಂ, ನೂರಕ್ಕೆ ನೂರು ನಿಜ. ಬರೆಯುವ ಕೈಯ ಬಗ್ಗೆಯೂ ಒಂದು ಮಾತು. ಕುಡುಗೋಲು ಹಿಡಿದ ಬೆರಳಿಗೆ ಸಣ್ಣ ಪೆನ್ಸಿಲ್ ಹಿಡಿಯುವುದು ಕಷ್ಟ. ಮೊದಲ ವಾರ ಸೀಮೆಸುಣ್ಣ ಕೊಡಿ, ನೆಲದ ಮೇಲೆ ದೊಡ್ಡದಾಗಿ ಬರೆಯಲಿ. ರಂಗೋಲಿ ಹಾಕುವ ಕೈಗೆ ಸುತ್ತು, ಅರೆಸುತ್ತು ಎಲ್ಲ ಗೊತ್ತಿದೆ. ಅಲ್ಲಿಂದ ಸ್ಲೇಟು, ಆಮೇಲೆ ನೋಟ್‌ಬುಕ್.

ಬೀದರ್_ಬಸ್:

ಒಂದು ಸಂದೇಹ. ಸಹಿ ಕಲಿಸಿದರೆ ಸಾಕು ಅಂತ ಹಲವರು ಬರುತ್ತಾರೆ. ಸಹಿ ಬಂದ ಮೇಲೆ ಬರುವುದು ನಿಲ್ಲಿಸುತ್ತಾರೆ. ಅದಕ್ಕೆ ಸಹಿಯನ್ನು ಕೊನೆಗೆ ಇಡುವುದು ಒಳ್ಳೆಯದಲ್ವಾ?

ಪೀಣ್ಯ_ಸಂಜೆ_ತರಗತಿ:

ಬೇಡ. ಅವರು ಬೇಕು ಅಂತ ಬಂದದ್ದನ್ನು ನಾವು ಹಿಡಿದಿಟ್ಟುಕೊಳ್ಳುವುದು ಸರಿಯಲ್ಲ. ದೊಡ್ಡವರು ತಮ್ಮ ಸಮಯ ಕೊಟ್ಟು ಬಂದಿದ್ದಾರೆ. ಹೆಬ್ಬೆಟ್ಟು ಒತ್ತುವಾಗ ಆಗುವ ಅವಮಾನ ಅವರಿಗೇ ಗೊತ್ತು. ಮೊದಲ ವಾರವೇ ಸಹಿ ಕೊಡಿ.

ಹಳೇ_ಪ್ರೇರಕ:

ಕೊಡಬೇಕು, ಆದರೆ ಗೀಚುವ ಚಿತ್ರವಾಗಿ ಅಲ್ಲ. ತಮ್ಮ ಹೆಸರಿನ ಒಂದೊಂದು ಅಕ್ಷರವನ್ನು ಬೇರೆ ಪದದಲ್ಲಿ ಗುರುತಿಸುವ ತನಕ ಹೆಸರಿನ ಪಾಠ ಮುಗಿಯಲಿಲ್ಲ. ಶರಣಮ್ಮನಿಗೆ ಶ, ರ, ಣ, ಮ ಬಂದಿವೆ. ಪಕ್ಕದ ಬಸಮ್ಮನಿಗೆ ಬ, ಸ, ಮ ಬಂದಿವೆ. ಇಬ್ಬರೂ ಸೇರಿದರೆ ರಸ, ಸರ, ಮರ ಆಗುತ್ತದೆ. ಒಬ್ಬರ ಹೆಸರಿನ ಅಕ್ಷರ ಇನ್ನೊಬ್ಬರಿಗೆ ಬೇಕಾಗುವ ಹಾಗೆ ಮಾಡಿ. ಆಗ ಸಹಿ ಬಂದವಳೂ ಬರುವುದು ನಿಲ್ಲಿಸುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ಕಡೆ ಸಹಿ ಹಾಕಲು ಬಂದವರನ್ನೆಲ್ಲ ಅಕ್ಷರ ಬಂದವರು ಅಂದುಕೊಂಡುಬಿಡುತ್ತಾರೆ. 2011ರ ಜನಗಣತಿಯಲ್ಲಿ ರಾಜ್ಯದ ಹೆಂಗಸರ ಸಾಕ್ಷರತೆ ಶೇಕಡ 68.08, ಗಂಡಸರದ್ದು 82.47. ಪಕ್ಕದ ಯಾದಗಿರಿ ಜಿಲ್ಲೆ ಎಲ್ಲರನ್ನೂ ಸೇರಿಸಿ 51.83. ಈ ಅಂತರ ಸಹಿಯಿಂದ ತುಂಬುವುದಲ್ಲ. ತನ್ನ ಹೆಸರಿನ ಮೇಲಿರುವ ಸಾಲದ ಕಾಗದದಲ್ಲಿ ಏನಿದೆ ಅಂತ ಓದಿ, ಆಮೇಲೆ ಸಹಿ ಹಾಕುವ ಹೆಂಗಸು ನಮಗೆ ಬೇಕು.

ಸಂಜೀವಿನಿ_ಲೆಕ್ಕ:

ಸಾಲದ ಮಾತು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನಾನು ಸಂಘದ ಪುಸ್ತಕ ಬರೆಯುವವಳು. ನಿಮ್ಮ ನಾಲ್ಕನೆಯದೋ ಐದನೆಯದೋ ತುಂಡನ್ನು ಬಡ್ಡಿಗೆ ಇಡಿ. ನೂರಕ್ಕೆ ಒಂದು, ನೂರಕ್ಕೆ ಎರಡು, ನೂರಕ್ಕೆ ಐದು ಅಂತ ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಹತ್ತು ಸಾವಿರಕ್ಕೆ ತಿಂಗಳಿಗೆ ಎಷ್ಟು ಅಂತಲೂ ಹೇಳುತ್ತಾರೆ. ಆದರೆ ವರ್ಷದ ಮೊತ್ತ ಬರೆದು ನೋಡಿದವರು ಕಡಿಮೆ. ಆ ಹತ್ತು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ವರ್ಷಕ್ಕೆ 1,200 ರೂಪಾಯಿ. ನೂರಕ್ಕೆ ಐದಾದರೆ 6,000. ಎರಡನ್ನೂ ಅಕ್ಕಪಕ್ಕ ಬರೆಸಿ. ಬೋರ್ಡಿನ ಮುಂದೆ ಮಾತು ತಾನಾಗಿಯೇ ಶುರುವಾಗುತ್ತದೆ, ಆ ದಿನ ನೀವು ಸುಮ್ನೆ ಕೇಳುತ್ತಾ ಕೂತರೂ ಪಾಠವೇ.

ಸಂಘದ ಸಭೆಯ ನಡಾವಳಿಯನ್ನು ಒಬ್ಬೊಬ್ಬರೂ ಸರದಿಯಲ್ಲಿ ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿಸಿ. ನಾನು ಬರೆದದ್ದನ್ನು ಅವರು ಓದಿ ಸರಿಯಿದೆ ಅನ್ನಬೇಕು. ನನಗೂ ಅದೇ ಬೇಕು.

ಕೃಷ್ಣಾ_ದಂಡೆ:

ಎಲ್ಲರ ಮಾತನ್ನೂ ಬರೆದುಕೊಂಡೆ. ಯೋಜನೆ ಪೂರ್ತಿ ಬದಲಾಯಿತು. ಈಗ ಹೀಗೆ ಅಂದುಕೊಂಡಿದ್ದೇನೆ.

ಮೊದಲು ಮನೆಮನೆಗೆ ಹೋಗಿ ಕಾಗದ ಪತ್ರ ನೋಡುವುದು, ಕಣ್ಣು ವಿಚಾರಿಸುವುದು. ಪಾಠ ಅಂಗನವಾಡಿಯಲ್ಲಿ, ಅಕ್ಕನವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಮೊದಲ ತುಂಡು ಹೆಸರು ಮತ್ತು ಮನೆಯವರ ಹೆಸರು, ಜೊತೆಗೆ ನೋಟು ನಾಣ್ಯ. ಎರಡನೆಯದು ಬಸ್ಸು: ರಾಯಚೂರು, ಮಸ್ಕಿ, ಮುದಗಲ್, ಹಟ್ಟಿ, ಸಿಂಧನೂರು, ಜೊತೆಗೆ ಗಂಟೆ ನೋಡುವುದು. ಮೂರನೆಯದು ಮೊಬೈಲ್. ನಾಲ್ಕು ಬ್ಯಾಂಕು. ಹತ್ತಿಯ ಕಾಲಕ್ಕೆ ವಾರಕ್ಕೆರಡು ದಿನ ಬರೀ ಓದು. ಆಮೇಲೆ ಸಂಘ ಮತ್ತು ಬಡ್ಡಿ. ಕೊನೆಗೆ ಅವರದೇ ಮಾತಿನಲ್ಲಿ ನಾಲ್ಕು ಸಾಲು ಬರೆಯುವುದು. ದಿನಾ ಮೊದಲು ನಿನ್ನೆಯದ್ದು, ಆಮೇಲೆ ಹೊಸ ಪದ, ಬರಹ, ಕೊನೆಗೆ ಲೆಕ್ಕ.

ಒಂದೇ ಚಿಂತೆ. ಉಲ್ಲಾಸ್ ಪರೀಕ್ಷೆಗೆ ಇದರಿಂದ ತೊಂದರೆ ಆಗುತ್ತದಾ?

ಹಳೇ_ಪ್ರೇರಕ:

ಆಗುವುದಿಲ್ಲ. ಆ ಪರೀಕ್ಷೆ 150 ಅಂಕದ್ದು. ಓದು 50, ಬರಹ 50, ಲೆಕ್ಕ 50. ಒಂದೊಂದರಲ್ಲೂ ಶೇಕಡ 33 ಬಂದರೆ ಪಾಸು. ನಿಮ್ಮ ತುಂಡುಗಳಲ್ಲಿ ಮೂರೂ ಇವೆ. ಪರೀಕ್ಷೆಗೆ ಮೂರು ವಾರ ಇದ್ದಾಗ ಪ್ರಶ್ನೆಪತ್ರಿಕೆಯ ರೂಪ ತೋರಿಸಿ. ಕಾಗದ ಹಿಡಿದು ಕೂತು ಬರೆಯುವ ಭಯ ಹೋಗಲಿ. ಪಾಸಾಗುವಷ್ಟು ತಯಾರಿ ಆಗದವರನ್ನು ಆ ಸಲ ಒತ್ತಾಯಿಸಿ ಕೂರಿಸಬೇಡಿ.

ಪರೀಕ್ಷೆಗಿಂತ ದೊಡ್ಡ ಚಿಂತೆ ಅದರ ಮರುದಿನದ್ದು. ಓದಲು ಏನೂ ಸಿಗದಿದ್ದರೆ ಕಲಿತದ್ದು ಒಂದೇ ಮಳೆಗಾಲದಲ್ಲಿ ಮರೆತುಹೋಗುತ್ತದೆ. ಪಂಚಾಯತಿಯ ಅರಿವು ಕೇಂದ್ರಕ್ಕೆ (ಊರ ಗ್ರಂಥಾಲಯಕ್ಕೆ) ಮೂರನೇ ತುಂಡಿನಲ್ಲೇ ಒಂದು ಸಲ ಎಲ್ಲರನ್ನೂ ಕರೆದುಕೊಂಡು ಹೋಗಿ. ದೊಡ್ಡಕ್ಷರದ ಮಕ್ಕಳ ಪುಸ್ತಕ ಇರುತ್ತವೆ, ದಿನಪತ್ರಿಕೆ ಇರುತ್ತದೆ. ಪತ್ರಿಕೆಯ ತಲೆಬರಹ ಮಾತ್ರ ಓದಿದರೂ ಸಾಕು. ಅಲ್ಲಿ ಹೋಗಿ ಕೂರುವ ಹಕ್ಕು ತಮಗೂ ಇದೆ ಅಂತ ಆರು ತಿಂಗಳೊಳಗೇ ಅವರಿಗೆ ರೂಢಿಯಾಗಬೇಕು.

ನಲಿಕಲಿ_ಟೀಚರ್:

ಯೋಜನೆ ಚೆನ್ನಾಗಿದೆ. ಒಂದೇ ತಿದ್ದುಪಡಿ. ಬಸ್ಸಿನ ತುಂಡಿನಲ್ಲಿ ಮಸ್ಕಿ, ಹಟ್ಟಿ ಎರಡರಲ್ಲೂ ಒತ್ತು ಇದೆ. "ಟ್ಟ" ಮೊದಲು ತೆಗೆದುಕೊಳ್ಳಿ, "ಮ್ಮ" ಥರ ಅದದೇ ಅಕ್ಷರದ ಒತ್ತು, ಸುಲಭ. ಹಟ್ಟಿ, ರೊಟ್ಟಿ, ಬಟ್ಟೆ, ತೊಟ್ಟಿಲು ಸಿಗುತ್ತವೆ. "ಸ್ಕ" ಬೇರೆ ಅಕ್ಷರದ ಒತ್ತು, ಅದನ್ನು ಒಂದು ವಾರ ತಡೆದು ಕಲಿಸಿ. ಮೊದಲ ಎರಡು ವಾರದ ಪದಗಳನ್ನು ಬರೆದ ಮೇಲೆ ಇಲ್ಲೇ ಹಾಕಿ. ಯಾವ ಅಕ್ಷರ ಇನ್ನೂ ಬಂದಿಲ್ಲ, ಯಾವ ಪದ ಮುಂದಕ್ಕೆ ಹೋಗಬೇಕು ಅಂತ ಸೇರಿ ನೋಡೋಣ.

ತಾಂಡಾ_ಹುಡುಗ:

ಅಕ್ಕಾ, ನಿಮ್ಮ ಊರಿಗೆ ಹತ್ತಿರದ ತಾಂಡಾದಲ್ಲಿ ನನ್ನ ಚಿಕ್ಕಮ್ಮನ ಮನೆ ಇರಬಹುದು. ಊರ ಹೆಸರು ಖಾಸಗಿ ಸಂದೇಶದಲ್ಲಿ ಕಳಿಸಿ. ಅಲ್ಲಿ ಕಲಿಸಲು ಹುಡುಗಿಯರು ಯಾರಾದರೂ ಸಿಗುತ್ತಾರಾ ಅಂತ ಭಾನುವಾರ ಹೋದಾಗ ವಿಚಾರಿಸುತ್ತೇನೆ.